ಒಳಗೆ ಕೂತವನಿಗೆ ಎರಡೂ ಒಂದೇ ಅಲ್ವಾ?

ಕೊನೇಬೆಂಚು_ಮೇಷ್ಟ್ರು ಕೇಳಿದ್ದು:

ನಾನು ಪಿಯು ಕಾಲೇಜಿನಲ್ಲಿ ರಾಜ್ಯಶಾಸ್ತ್ರ ಪಾಠ ಮಾಡ್ತೀನಿ. ಹೋದ ವಾರ ಮಕ್ಕಳನ್ನ ಬೆಂಗಳೂರಿಗೆ ಕರ್ಕೊಂಡು ಹೋಗಿದ್ವಿ. ವಿಧಾನಸೌಧ ಹೊರಗಿನಿಂದ, ಮ್ಯೂಸಿಯಂ ಒಳಗಿನಿಂದ, ಆಮೇಲೆ ಬುತ್ತಿ ಬಿಚ್ಚೋಕೆ ನೆರಳು ಸಿಗುತ್ತೆ ಅಂತ ಫ್ರೀಡಂ ಪಾರ್ಕ್. ಇದು ಹಳೇ ಸೆಂಟ್ರಲ್ ಜೈಲು ಅಂದಿದ್ದೇ ತಡ, ಚಿತ್ರಾನ್ನ ಅರ್ಧಕ್ಕೆ ಬಿಟ್ಟು ಎಲ್ಲರೂ ಕಾವಲು ಗೋಪುರದ ಸುತ್ತ ಓಡಿದ್ರು.

ನನಗೂ ಪಾಠದ ಹುಮ್ಮಸ್ಸು. 1975ರ ಜೂನ್ 26ರ ಬೆಳಿಗ್ಗೆ, ಎಮರ್ಜೆನ್ಸಿ ಬಂದ ಬೆನ್ನಿಗೇ, ಸಂಸದೀಯ ಸಮಿತಿ ಸಭೆಗೆ ಅಂತ ಬೆಂಗಳೂರಿಗೆ ಬಂದಿದ್ದ ವಾಜಪೇಯಿ, ಅಡ್ವಾಣಿ, ಮಧು ದಂಡವತೆ ಇವರನ್ನೆಲ್ಲ ಹಿಡಿದು ತಂದಿದ್ದು ಇಲ್ಲಿಗೇ ಅಂದೆ. ನಟಿ ಸ್ನೇಹಲತಾ ರೆಡ್ಡಿ ವಿಷಯ ಹೇಳಿದೆ. ಸರ್ಕಾರದ ವಿರುದ್ಧ ಸ್ಫೋಟಕ್ಕೆ ಸಂಚು ಅಂತ ಹೂಡಿದ್ದ ಬರೋಡ ಡೈನಮೈಟ್ ಪ್ರಕರಣದ ನೆಪದಲ್ಲಿ 1976ರ ಮೇ ತಿಂಗಳಲ್ಲಿ ಹಿಡಿದದ್ದು, ಕೊನೆಗೆ ಆರೋಪಪಟ್ಟಿಯಲ್ಲಿ ಅವರ ಹೆಸರೇ ಇಲ್ಲ. ಆಸ್ತಮಾ ಇದ್ದ ಹೆಂಗಸನ್ನ ಎಂಟು ತಿಂಗಳು ಇಲ್ಲಿಟ್ಟು 1977ರ ಜನವರಿ 15ಕ್ಕೆ ಪೆರೋಲ್ ಮೇಲೆ ಬಿಟ್ಟರು, 20ಕ್ಕೆ ತೀರಿಕೊಂಡರು. ಮಕ್ಕಳು ಸುಮ್ಮನಾದ್ರು. ಆಮೇಲೆ ಅಭ್ಯಾಸಬಲದಿಂದ ಒಂದು ಮಾತು ಸೇರಿಸಿಬಿಟ್ಟೆ: "ಸರ್ವಾಧಿಕಾರ ಇರೋ ದೇಶಗಳಲ್ಲಿ ಇದು ದಿನಾ ನಡೆಯುತ್ತೆ, ನಮ್ಮಲ್ಲಿ 21 ತಿಂಗಳು ಮಾತ್ರ."

ಹಿಂದೆ ನಿಂತಿದ್ದ ಹುಡುಗಿ ಕೇಳಿದ್ಲು, "ಸರ್, ಒಳಗೆ ಕೂತವನಿಗೆ ಎರಡೂ ಒಂದೇ ಅಲ್ವಾ?"

ಸ್ವತಂತ್ರ ನ್ಯಾಯಾಂಗ, ಪತ್ರಿಕಾ ಸ್ವಾತಂತ್ರ್ಯ, ನಿಯತಕಾಲಿಕ ಚುನಾವಣೆ ಅಂತ ಗೈಡಿನಲ್ಲಿ ಇರೋದನ್ನ ಒಪ್ಪಿಸಿದೆ. "ಆ 21 ತಿಂಗಳು ಅವೆಲ್ಲ ಎಲ್ಲಿಗೆ ಹೋಗಿದ್ವು ಸರ್?" ಅಷ್ಟರಲ್ಲಿ ಬಸ್ಸಿನವನು ಹಾರ್ನ್ ಹೊಡೆದು ನನ್ನ ಮಾನ ಉಳಿಸಿದ.

ಸೋಮವಾರ ಅದೇ ಕ್ಲಾಸಿದೆ. ಏನಂತ ಹೇಳಲಿ? ಪಕ್ಷದ ಜಗಳ ಬೇಡ, ದಯವಿಟ್ಟು.

ಸಿಡಿಲಮರಿ:

ಇದಕ್ಕೆ ಇಷ್ಟೊಂದು ತಲೆ ಕೆಡಿಸ್ಕೋಬೇಕಾ ಸರ್? ಚಿಲಿಯಲ್ಲಿ 1973ರ ಸೆಪ್ಟೆಂಬರ್ 11ಕ್ಕೆ ಜನರಲ್ ಪಿನೊಚೆ ಸೈನ್ಯ ನುಗ್ಗಿಸಿ ಅಧಿಕಾರ ಹಿಡಿದ. ಅವನ ಕಾಲದಲ್ಲಿ ಕೊಂದವರು, ಕಾಣೆ ಮಾಡಿದವರು ಸೇರಿ 3 ಸಾವಿರಕ್ಕೂ ಮೇಲೆ. ನಮ್ಮಲ್ಲಿ ಎಮರ್ಜೆನ್ಸಿಯಲ್ಲಿ ಒಳಗೆ ಹೋದವರು ಹೊರಗೆ ಬಂದು ಮಂತ್ರಿಗಳಾದರು. ಜೈಲಿನಲ್ಲಿದ್ದುಕೊಂಡೇ ಮುಜಫ್ಫರಪುರದಿಂದ ಗೆದ್ದ ಜಾರ್ಜ್ ಫರ್ನಾಂಡಿಸ್ ನಮ್ಮ ಮಂಗಳೂರಿನವರು. ಇದಕ್ಕಿಂತ ವ್ಯತ್ಯಾಸ ಬೇಕಾ?

ಕಾಸರಗೋಡಿನವಳು:

ರಾಜನ್ ಮಂತ್ರಿ ಆಗಲಿಲ್ಲ.

ಕೋಯಿಕ್ಕೋಡಿನ ರೀಜನಲ್ ಎಂಜಿನಿಯರಿಂಗ್ ಕಾಲೇಜಿನ ಹುಡುಗ. 1976ರ ಮಾರ್ಚ್ 1ರಂದು ಪೊಲೀಸರು ಎಬ್ಬಿಸಿಕೊಂಡು ಹೋದರು, ಕಕ್ಕಯಂ ಕ್ಯಾಂಪಿಗೆ. ಅಪ್ಪ ಈಚರ ವಾರಿಯರ್, ಕಾಲೇಜು ಪ್ರೊಫೆಸರು. ಆಫೀಸಿನಿಂದ ಆಫೀಸಿಗೆ, ಮಂತ್ರಿಯ ಮನೆಯಿಂದ ಮಂತ್ರಿಯ ಮನೆಗೆ ಒಂದು ವರ್ಷ ಅಲೆದರು. ನಮ್ಮ ಹುಡುಗ ಬದುಕಿದ್ದಾನೋ ಇಲ್ಲವೋ ಅಷ್ಟು ಹೇಳಿ ಅಂತ ಕೇಳಿದ್ದು. ಯಾರೂ ಹೇಳಲಿಲ್ಲ. ತುರ್ತುಪರಿಸ್ಥಿತಿ ತೆಗೆದದ್ದು 1977ರ ಮಾರ್ಚ್ 21ಕ್ಕೆ. ಅದಾಗಿ ನಾಲ್ಕೇ ದಿನಕ್ಕೆ ಅವರು ಕೇರಳ ಹೈಕೋರ್ಟಿಗೆ ಹೇಬಿಯಸ್ ಕಾರ್ಪಸ್ ಹಾಕಿದರು, ಹಿಡಿದವನನ್ನ ಕೋರ್ಟಿನ ಮುಂದೆ ತನ್ನಿ ಅನ್ನುವ ಅರ್ಜಿ. ಹುಡುಗ ಕಸ್ಟಡಿಯಲ್ಲಿ ಸತ್ತದ್ದು ಆಗ ಹೊರಗೆ ಬಂತು. ಎಮರ್ಜೆನ್ಸಿಯಲ್ಲಿ ಗೃಹಮಂತ್ರಿಯಾಗಿದ್ದ ಕರುಣಾಕರನ್ ಆ ಹೊತ್ತಿಗೆ ಮುಖ್ಯಮಂತ್ರಿ. ಏಪ್ರಿಲಿನಲ್ಲೇ ಕುರ್ಚಿ ಬಿಡಬೇಕಾಯಿತು. ಹುಡುಗನ ದೇಹ ಮಾತ್ರ ಇವತ್ತಿಗೂ ಸಿಕ್ಕಿಲ್ಲ.

ನನ್ನ ದೊಡ್ಡಪ್ಪ ಅದೇ ಕಾಲೇಜಿನಲ್ಲಿ ಓದಿದವರು. ಊಟಕ್ಕೆ ಕೂತಾಗ ಯಾರಾದರೂ ಎಮರ್ಜೆನ್ಸಿಯಲ್ಲಿ ರೈಲು ಸರಿಯಾದ ಟೈಮಿಗೆ ಬರ್ತಿತ್ತು ಅಂದರೆ ಬಾಳೆಲೆ ಮಡಚಿ ಎದ್ದುಬಿಡುತ್ತಿದ್ದರು.

ಚಿಲಿಯದು ಮೂರು ಸಾವಿರ, ನಮ್ಮದು ಕಡಿಮೆ ಅನ್ನುವ ಲೆಕ್ಕ ಆ ಅಪ್ಪನ ಮುಂದೆ ಹೇಳಲಿಕ್ಕೆ ಆಗುವುದಿಲ್ಲ ಅಲ್ಲವಾ?

ಹಳೇಕಾರ್ಬನ್:

ಮೇಷ್ಟ್ರೇ, ನಿಮ್ಮ ಹುಡುಗಿಗೆ ನನ್ನ ಕಡೆಯಿಂದ ಒಂದು ನಮಸ್ಕಾರ ತಿಳಿಸಿ. ನಾನು ಒಳಗೆ ಕೂತವನಲ್ಲ. ಒಳಗೆ ಕಳಿಸುವ ಕಾಗದ ಟೈಪ್ ಹೊಡೆದವನು.

1975ರಲ್ಲಿ ನನಗೆ 22. ಒಂದು ಜಿಲ್ಲೆಯ ಡಿಸಿ ಆಫೀಸಿನಲ್ಲಿ ಟೈಪಿಸ್ಟು. ಯಾವ ಜಿಲ್ಲೆ ಅಂತ ಬೇಡ, ಆಗ ಜೊತೆಗಿದ್ದವರ ಮಕ್ಕಳು ಮೊಮ್ಮಕ್ಕಳು ಅಲ್ಲೇ ಇದ್ದಾರೆ. ಮೀಸಾ, ಅಂದರೆ ಆಂತರಿಕ ಭದ್ರತಾ ಕಾಯ್ದೆ, ಎಮರ್ಜೆನ್ಸಿಗೆ ಹುಟ್ಟಿದ್ದು ಅಂತ ಬಹಳ ಜನ ತಿಳಿದಿದ್ದಾರೆ. ಅಲ್ಲ. 1971ರಲ್ಲೇ ಪಾರ್ಲಿಮೆಂಟು ಕೈಯೆತ್ತಿ ಪಾಸು ಮಾಡಿದ್ದು. ವಿಚಾರಣೆಯಿಲ್ಲದೆ ಬಂಧನದಲ್ಲಿ ಇಡಬಹುದು ಅನ್ನುವುದು ಸಂವಿಧಾನದ 22ನೇ ವಿಧಿಯಲ್ಲೇ ಇದೆ. 1950ರ ಫೆಬ್ರವರಿಯಲ್ಲೇ, ಗಣರಾಜ್ಯಕ್ಕೆ ಒಂದು ತಿಂಗಳು ತುಂಬಿತ್ತೋ ಇಲ್ಲವೋ, ಮೊದಲ ಕಾಯ್ದೆ ಬಂದಿತ್ತು. ಹಾಗಾಗಿ ನಮ್ಮ ಆಫೀಸಿನಲ್ಲಿ ಸೈಕ್ಲೋಸ್ಟೈಲ್ ಮಾಡಿದ ಫಾರಂ ಬೀರುವಿನಲ್ಲಿ ಮೊದಲೇ ಇತ್ತು. ಹೆಸರು, ತಂದೆ ಹೆಸರು, ವಯಸ್ಸು, ವಾಸ. ಉಳಿದದ್ದೆಲ್ಲ ಅಚ್ಚಾಗಿರುತ್ತಿತ್ತು: ಸಾರ್ವಜನಿಕ ಸುವ್ಯವಸ್ಥೆಗೆ ಧಕ್ಕೆಯಾಗದಂತೆ ತಡೆಯಲು ಇವರನ್ನು ಬಂಧನದಲ್ಲಿಡುವುದು ಅವಶ್ಯವೆಂದು ಮನವರಿಕೆಯಾಗಿರುವುದರಿಂದ, ಇತ್ಯಾದಿ. ಅಚ್ಚಾಗಿ ಬಂದ ಮನವರಿಕೆ.

ಜೂನ್‌ಗೆ ಮೊದಲು ಆ ಆದೇಶಕ್ಕೆ ಒಂದು ಬಾಲ ಇರುತ್ತಿತ್ತು. ಕಾರಣಗಳ ಪಟ್ಟಿ. ಹಿಡಿದ ಐದು ದಿನದೊಳಗೆ ಅವನ ಕೈಗೆ ಕೊಡಬೇಕು. ಅದನ್ನ ಬರೆಯುವಾಗ ನಮ್ಮ ಶಿರಸ್ತೇದಾರರು ಬೆವರುತ್ತಿದ್ದರು. ಯಾವ ದಿನ, ಯಾವ ಊರು, ಏನು ಮಾಡಿದ, ಎಲ್ಲ ಕೂಡಬೇಕು. ತಾರೀಖು ಅದಲು ಬದಲಾದರೆ, ಕಾರಣ ತೇಲಿಸಿ ಬರೆದಿದ್ದರೆ ಹೈಕೋರ್ಟಿನಲ್ಲಿ ಆದೇಶ ಬಿದ್ದುಹೋಗುತ್ತಿತ್ತು. "ಒಂದಕ್ಷರ ತಪ್ಪಿದರೂ ಅವನು ಮನೆಗೆ, ನಾವು ಕಟಕಟೆಗೆ" ಅನ್ನುತ್ತಿದ್ದರು. ಮೂರು ಮೂರು ಸಲ ಕರಡು ತಿದ್ದುತ್ತಿದ್ದರು. ಅವರಿಗೆ ಹಿಡಿಸಿಕೊಂಡವನ ಮೇಲೆ ಕನಿಕರ ಏನಿರಲಿಲ್ಲ. ಹೈಕೋರ್ಟಿನ ಭಯ.

ಎಮರ್ಜೆನ್ಸಿ ಬಂದು ನಾಲ್ಕು ದಿನಕ್ಕೆ, ಜೂನ್ 29ರ ಸುಗ್ರೀವಾಜ್ಞೆಯಲ್ಲಿ, ಮೀಸಾಗೆ 16ಎ ಅಂತ ಒಂದು ಕಲಮು ಸೇರಿತು. ತುರ್ತುಪರಿಸ್ಥಿತಿ ನಿಭಾಯಿಸಲು ಈ ಬಂಧನ ಬೇಕು ಅಂತ ಒಂದು ಘೋಷಣೆ ಲಗತ್ತಿಸಿದರೆ ಸಾಕು, ಕಾರಣ ಕೊಡಬೇಕಾಗಿಲ್ಲ. ಬಾಲ ಕತ್ತರಿಸಿ ಹೋಯಿತು. ನಿಜ ಹೇಳುತ್ತೇನೆ, ಆಫೀಸಿನಲ್ಲಿ ಎಲ್ಲರಿಗೂ ನಿರಾಳ ಅನ್ನಿಸಿತು. ನನಗೂ. ರಾತ್ರಿ ಎಂಟಕ್ಕೆ ಮನೆ ಸೇರುತ್ತಿದ್ದವನು ಆರೂವರೆಗೆ ಸೇರತೊಡಗಿದೆ.

ಪೊಲೀಸು ಕಡೆಯಿಂದ ಮೊಹರು ಮಾಡಿದ ಲಕೋಟೆಯಲ್ಲಿ ಪಟ್ಟಿ ಬರುತ್ತಿತ್ತು. ಕೆಲವು ಸಲ ಆಳನ್ನ ರಾತ್ರಿಯೇ ಎತ್ತಿಕೊಂಡು ಬಂದಾಗಿರುತ್ತಿತ್ತು, ಆದೇಶ ಬೆಳಿಗ್ಗೆ ಹತ್ತೂವರೆಗೆ ಹೊಡೆಯುವುದು, ತಾರೀಖು ಮಾತ್ರ ಹಿಂದಿನ ದಿನದ್ದು. ಒಂದು ಅಸಲು, ಐದು ಕಾರ್ಬನ್ ಪ್ರತಿ. ಕಾರ್ಬನ್ ಹಾಳೆಗೆ ಆಗ ರೇಷನ್ನು, ಒಂದೇ ಹಾಳೆ ಸವೆದು ಬಿಳಿಚಿಕೊಳ್ಳುವ ತನಕ ಬಳಸಬೇಕು. ಒಂದು ದಿನ ಪ್ರತಿ ಮಸುಕಾಗಿ ಬಂತು ಅಂತ ಹಾಳೆಯನ್ನ ಕಿಟಕಿಗೆ ಹಿಡಿದು ನೋಡಿದೆ. ಹೆಸರಿನ ಜಾಗದಲ್ಲಿ ಹೆಸರಿನ ಮೇಲೆ ಹೆಸರು, ವಯಸ್ಸಿನ ಮೇಲೆ ವಯಸ್ಸು ಕೂತು ಕೂತು ಒಂದೂ ಓದಲಾಗದೆ ಬೆಳಕು ತೂರುವ ಒಂದು ಕಿಂಡಿ ಆಗಿಹೋಗಿತ್ತು. ಅಚ್ಚಾಗಿ ಬಂದ ಭಾಗದಲ್ಲಿ ಮಾತ್ರ ಹಾಳೆ ಹೊಸದರ ಹಾಗೆ ಕಪ್ಪಗಿತ್ತು. ಜವಾನ ಬಂದು "ಏನ್ ಸ್ವಾಮಿ, ಗ್ರಹಣ ನೋಡ್ತಿದ್ದೀರಾ?" ಅಂದ.

ನವೆಂಬರಿನಲ್ಲಿ ಸತ್ಯಾಗ್ರಹ ಶುರುವಾದಾಗ ಬಂದ ಒಂದು ಪಟ್ಟಿಯಲ್ಲಿ ನನ್ನ ಹೈಸ್ಕೂಲು ಮೇಷ್ಟ್ರ ಹೆಸರಿತ್ತು. ಇಂಗ್ಲಿಷ್ ಹೇಳುತ್ತಿದ್ದರು, ಲೋಹಿಯಾ ಕಡೆಯವರು, ಖಾದಿ ಜುಬ್ಬದ ಜೇಬಿನಲ್ಲಿ ಸದಾ ನಶ್ಯದ ಡಬ್ಬಿ. ಪಟ್ಟಿಯಲ್ಲಿ ತಂದೆ ಹೆಸರು ತಪ್ಪಾಗಿತ್ತು. ಅವರ ದೊಡ್ಡಪ್ಪನ ಹೆಸರು ಬರೆದಿದ್ದರು. ನನಗೆ ಗೊತ್ತು, ಮೇಷ್ಟ್ರ ತಂದೆಯವರ ವೈಕುಂಠ ಸಮಾರಾಧನೆಗೆ ನಾನು ಎಲೆ ಹಾಕಿದ್ದೆ.

ನಾನು ಹೇಳಲಿಲ್ಲ. ಇದ್ದ ಹಾಗೇ ಹೊಡೆದೆ. ಒಂದಕ್ಷರ ತಪ್ಪಿದರೂ ಮನೆಗೆ ಅಂತ ಶಿರಸ್ತೇದಾರರೇ ಹೇಳಿದ್ದರಲ್ಲ, ಇದು ಇಡೀ ಹೆಸರೇ ತಪ್ಪು, ನಾಳೆ ಯಾರಾದರೂ ವಕೀಲರ ಕಣ್ಣಿಗೆ ಬಿದ್ದರೆ ಮೇಷ್ಟ್ರು ಹೊರಗೆ ಬರುತ್ತಾರೆ ಅಂದುಕೊಂಡೆ. ಧೈರ್ಯ ಅಂತ ಈಗ ಹೇಳಿಕೊಳ್ಳಬಹುದು. ಶಿರಸ್ತೇದಾರರು ಪಕ್ಕದಲ್ಲೇ ನಿಂತಿದ್ದರು, ಬಾಯಿ ತೆರೆಯಲು ಹೆದರಿಕೆಯಾಗಿ ಕೊಟ್ಟದ್ದನ್ನ ಹೊಡೆದೆ ಅನ್ನುವುದೂ ಅಷ್ಟೇ ನಿಜ.

ಕಾದೆ. ನಮ್ಮ ಕರ್ನಾಟಕದ್ದೂ ಸೇರಿ ಒಂಬತ್ತು ಹೈಕೋರ್ಟುಗಳು, ಎಮರ್ಜೆನ್ಸಿ ಇದ್ದರೂ ಬಂಧನ ಪ್ರಶ್ನಿಸುವ ಅರ್ಜಿ ಕೇಳಬಹುದು ಅಂದಿದ್ದವು. 1976ರ ಏಪ್ರಿಲ್ 28ಕ್ಕೆ ಸುಪ್ರೀಂ ಕೋರ್ಟು ನಾಲ್ಕಕ್ಕೆ ಒಂದರಂತೆ ಅದನ್ನೆಲ್ಲ ಹೊಡೆದುಹಾಕಿತು. ಆದೇಶ ಕಾಯ್ದೆಗೆ ವಿರುದ್ಧವಾಗಿದೆ ಅಂತಲೋ, ದುರುದ್ದೇಶದ್ದು ಅಂತಲೋ ಕೇಳಲಿಕ್ಕೂ ಯಾರಿಗೂ ಹಕ್ಕಿಲ್ಲ. ವಾದದ ನಡುವೆ ನ್ಯಾಯಮೂರ್ತಿ ಖನ್ನಾ, ಪೊಲೀಸನೊಬ್ಬ ಸ್ವಂತ ದ್ವೇಷಕ್ಕೆ ಒಬ್ಬನನ್ನ ಕೊಂದರೂ ಪರಿಹಾರ ಇಲ್ಲವೇ ಅಂತ ಕೇಳಿದ್ದಕ್ಕೆ, ತುರ್ತುಪರಿಸ್ಥಿತಿ ಇರುವ ತನಕ ಇಲ್ಲ ಅಂತಲೇ ಅಟಾರ್ನಿ ಜನರಲ್ ನಿರೇನ್ ಡೇ ಒಪ್ಪಿಕೊಂಡರು. ಖನ್ನಾ ಒಬ್ಬರೇ ಭಿನ್ನಮತ ಬರೆದದ್ದು. ಮುಂದಿನ ಜನವರಿಯಲ್ಲಿ ಅವರನ್ನ ದಾಟಿಸಿ ಕಿರಿಯರನ್ನ ಮುಖ್ಯ ನ್ಯಾಯಮೂರ್ತಿ ಮಾಡಿದರು, ಅವರು ರಾಜೀನಾಮೆ ಕೊಟ್ಟು ಹೋದರು.

ಪೊಲೀಸನು ಕೊಂದರೇ ಕೇಳುವ ಹಾಗಿಲ್ಲ ಅಂದ ಮೇಲೆ ತಂದೆ ಹೆಸರು ತಪ್ಪಾಗಿದೆ ಅಂತ ಯಾರು ಕೇಳುತ್ತಾರೆ?

ಸರ್ವಾಧಿಕಾರ, ಪ್ರಜಾಪ್ರಭುತ್ವ ಇದರ ವ್ಯಾಖ್ಯಾನ ನಿಮ್ಮ ಪುಸ್ತಕದಲ್ಲಿ ನನಗಿಂತ ಚೆನ್ನಾಗಿರುತ್ತದೆ. ಆಫೀಸಿನವನಾಗಿ ನಾನು ನೋಡುವುದು ಒಂದೇ. ಆದೇಶದಲ್ಲಿ ತಪ್ಪಿದ್ದರೆ ಮನುಷ್ಯ ಹೊರಗೆ ಬರುತ್ತಾನೋ ಇಲ್ಲವೋ. ಜೂನ್‌ಗೆ ಮೊದಲು ಬರುತ್ತಿದ್ದ, ಆಮೇಲೆ ಬರಲಿಲ್ಲ. ಕುರ್ಚಿ ಅದೇ, ಮೆಷಿನ್ ಅದೇ, ನಾನೂ ಅದೇ.

ಸಿಡಿಲಮರಿ:

ಯಜಮಾನ್ರೇ, ನನ್ನ ಮೊದಲ ಕಾಮೆಂಟು ವಾಪಸ್ ತಗೊಂಡೆ. ನಿಮ್ಮದನ್ನ ಓದಿ ಚಿಲಿ ಬಗ್ಗೆ ಇನ್ನೊಂದು ನೆನಪಾಯ್ತು. ಅಲ್ಲಿ ಕೋರ್ಟು ಬಾಗಿಲು ಹಾಕಿರಲೇ ಇಲ್ಲ. ಸ್ಯಾಂಟಿಯಾಗೊದ ಕ್ಯಾಥೊಲಿಕ್ ಚರ್ಚು ವಿಕಾರಿಯಾ ಅಂತ ಒಂದು ಕಚೇರಿ ತೆರೆದು, ಅದರ ವಕೀಲರು ಕಾಣೆಯಾದವರ ಪರವಾಗಿ ಸಾವಿರಾರು ಅರ್ಜಿ ಹಾಕಿದ್ರು. ಜಡ್ಜುಗಳು ಹೆಚ್ಚುಕಮ್ಮಿ ಎಲ್ಲವನ್ನೂ ತಳ್ಳಿಹಾಕಿದ್ರು. ಸೋಲುತ್ತೆ ಅಂತ ಗೊತ್ತಿದ್ದೂ ಹಾಕ್ತಾನೇ ಇದ್ರು. ಅರ್ಜಿಯ ಒಂದೊಂದು ಪ್ರತಿ ಚರ್ಚಿನಲ್ಲೇ ಉಳೀತು. 1990ರಲ್ಲಿ ಪಿನೊಚೆ ಇಳಿದ ಮೇಲೆ ರೆಟ್ಟಿಗ್ ಆಯೋಗ ಸತ್ತವರ, ಕಾಣೆಯಾದವರ ಲೆಕ್ಕ ಮಾಡೋಕೆ ಕೂತಾಗ ಕೈಗೆ ಸಿಕ್ಕಿದ್ದು ಆ ಸೋತ ಅರ್ಜಿಗಳು.

ಸ್ಪ್ರೀದಂಡೆ:

ಬರ್ಲಿನ್‌ನಲ್ಲಿ ಹನ್ನೊಂದು ವರ್ಷದಿಂದ ಇದ್ದೇನೆ, ಮೂಲ ದಾವಣಗೆರೆ. ಹಳೇಕಾರ್ಬನ್ ಅವರ ಮಾತಿಗೆ ಅರ್ಧ ತಕರಾರಿದೆ.

ಊರಿಂದ ಯಾರೇ ಬಂದರೂ ನಾನು ಅವರನ್ನ ಹೊಹೆನ್‌ಶೋನ್‌ಹೌಸನ್‌ಗೆ ಕರೆದುಕೊಂಡು ಹೋಗುತ್ತೇನೆ. (ಅಪ್ಪ ಬಂದಾಗ ಆ ಹೆಸರು ಹೇಳೋಕೆ ಎರಡು ದಿನ ಪ್ರಯತ್ನಿಸಿ "ಆ ಹೊನ್ನಶೆಟ್ಟಿ ಜೈಲು" ಅಂತ ನಿಲ್ಲಿಸಿಬಿಟ್ಟರು.) ಪೂರ್ವ ಜರ್ಮನಿಯ ಗುಪ್ತಪೊಲೀಸ್ ಸ್ಟಾಸಿ ನಡೆಸುತ್ತಿದ್ದ ಜೈಲು. ನಗರದ ನಕ್ಷೆಯಲ್ಲಿ ಆ ಜಾಗ ಖಾಲಿ. ಕೈದಿಗಳನ್ನ ತರುತ್ತಿದ್ದದ್ದು ಕಿಟಕಿಯಿಲ್ಲದ ಸಣ್ಣ ವ್ಯಾನಿನಲ್ಲಿ, ಹೊರಗೆ ಮೀನಿನ ಅಂಗಡಿಯ ಬಣ್ಣ. ಈಗ ಒಳಗೆ ತೋರಿಸುವವರಲ್ಲಿ ಹಲವರು ಹಿಂದೆ ಅಲ್ಲೇ ಇದ್ದ ಕೈದಿಗಳು. ನಮಗೆ ತೋರಿಸಿದವರು ಒಂದು ಕೋಣೆಯ ಮುಂದೆ ನಿಂತು, ಇಲ್ಲಿ ಮಲಗುವಾಗ ಕೈ ಹೊದಿಕೆಯ ಮೇಲೆ ಕಾಣುವ ಹಾಗೆ ಇಟ್ಟುಕೊಂಡೇ ಮಲಗಬೇಕಿತ್ತು ಅಂತ ತೋರಿಸಿದರು. ಈಗಲೂ ಮನೆಯಲ್ಲಿ ಹಾಗೇ ಮಲಗುವುದಂತೆ.

ತಕರಾರು ಏನೆಂದರೆ, ಕಾಗದ ಅಲ್ಲಿ ನಮಗಿಂತ ಅಚ್ಚುಕಟ್ಟು. ಅಲ್ಲೂ ಸಂವಿಧಾನ ಇತ್ತು, ಚುನಾವಣೆ ಇತ್ತು, ಕೋರ್ಟು ಇತ್ತು. ಸರ್ಕಾರದ ವಿರುದ್ಧ ಮಾತಾಡಿದರೆ ದಂಡಸಂಹಿತೆಯ 106, ಗಡಿ ದಾಟಲು ಹೋದರೆ 213. ಆರೋಪಪಟ್ಟಿ, ವಕೀಲ, ತೀರ್ಪು, ಮೊಹರು ಎಲ್ಲ ಸರಿಯಾಗಿ. ಕೊನೆಗೆ ಉಳಿದ ಕಡತಗಳ ಉದ್ದ 111 ಕಿಲೋಮೀಟರು. ಒಂದಕ್ಷರ ತಪ್ಪಿರುತ್ತಿರಲಿಲ್ಲ, ತಪ್ಪಿದ್ದರೂ ಏನೂ ಆಗುತ್ತಿರಲಿಲ್ಲ. ಅಲ್ಲಿಂದ ಹೊರಗೆ ಬರುವ ಖಾತ್ರಿ ದಾರಿ ಅಂದರೆ ಪಶ್ಚಿಮ ಜರ್ಮನಿ ದುಡ್ಡು ಕೊಟ್ಟು ಬಿಡಿಸಿಕೊಳ್ಳುವುದು. 1963ರಿಂದ 1989ರ ತನಕ ಸುಮಾರು 33 ಸಾವಿರ ರಾಜಕೀಯ ಕೈದಿಗಳನ್ನ ಹಾಗೆ ಮಾರಿದ್ದಾರೆ. ದನ ಮಾರಿದ ಹಾಗೆ, ರಸೀದಿ ಸಹಿತ.

ಇನ್ನೊಂದು. ಕೊನೇ ದಿನಗಳಲ್ಲಿ ಸ್ಟಾಸಿಯವರು ಕಡತ ಹರಿಯಲು ಕೂತರು. ಯಂತ್ರಗಳು ಸಾಕಾಗದೆ ಕೈಯಲ್ಲೇ ಹರಿದರು. 1990ರ ಜನವರಿ 15ಕ್ಕೆ ಜನ ಬರ್ಲಿನ್ನಿನ ಅವರ ಮುಖ್ಯ ಕಚೇರಿಗೆ ನುಗ್ಗಿದರು. ಸುಮಾರು 16 ಸಾವಿರ ಚೀಲ ಚೂರುಗಳು ಉಳಿದಿದ್ದವು, ಅದನ್ನ ಜೋಡಿಸುವ ಕೆಲಸ ಹಲವು ವರ್ಷ ನಡೆಯಿತು. 1992ರಿಂದ ಯಾರು ಬೇಕಾದರೂ ತಮ್ಮ ಕಡತ ಓದಬಹುದು ಅಂತಾಯಿತು. ವೆರಾ ವೊಲೆನ್‌ಬರ್ಗರ್ ಅನ್ನುವ ಹೋರಾಟಗಾರ್ತಿ ಹೋಗಿ ಓದಿದರೆ, ಅವರ ಬಗ್ಗೆ ವರದಿ ಕೊಡುತ್ತಿದ್ದದ್ದು ಕಟ್ಟಿಕೊಂಡ ಗಂಡ.

ನಮ್ಮಲ್ಲಿ ಹಾಗೆ ಕಡತ ತೆರೆದು ತೋರಿಸಿದ್ದಾರಾ? ಯಜಮಾನರೇ ಹೇಳಬೇಕು.

ಸ್ಯಾಕ್ರಮೆಂಟೊ_ಸೊಸೆ:

ಎಲ್ಲರೂ ಎಮರ್ಜೆನ್ಸಿಯನ್ನೇ ಹಿಡ್ಕೊಂಡಿದ್ದೀರಿ. ಅದು ಪ್ರಜಾಪ್ರಭುತ್ವ ರಜಾ ಹಾಕಿದ ಕಾಲ, ಅದನ್ನ ಪ್ರಜಾಪ್ರಭುತ್ವದ ಖಾತೆಗೆ ಹಾಕೋದು ಸರಿಯಲ್ಲ. ರಜಾ ಹಾಕದೆ ಇದ್ದಾಗ ಏನಾಗುತ್ತೆ ನೋಡಿ.

1942ರ ಫೆಬ್ರವರಿ 19. ಅಮೆರಿಕದ ಅಧ್ಯಕ್ಷ ರೂಸ್‌ವೆಲ್ಟ್, ಮೂರು ಸಲ ಗೆದ್ದು ಬಂದವರು, 9066 ಅಂತ ಒಂದು ಆದೇಶಕ್ಕೆ ಸಹಿ ಹಾಕಿದರು. ಪಶ್ಚಿಮ ಕರಾವಳಿಯ ಜಪಾನಿ ಮೂಲದ ಸುಮಾರು 1 ಲಕ್ಷ 20 ಸಾವಿರ ಜನ ಮುಳ್ಳುತಂತಿಯ ಶಿಬಿರಕ್ಕೆ. ಮೂರರಲ್ಲಿ ಎರಡು ಪಾಲು ಅಲ್ಲೇ ಹುಟ್ಟಿದ ಪ್ರಜೆಗಳು. ಆ ವರ್ಷ ನವೆಂಬರಿನಲ್ಲಿ ಚುನಾವಣೆ ನಡೀತು. ಪತ್ರಿಕೆಗಳು ಬರ್ತಾ ಇದ್ವು, ಬಹಳಷ್ಟು ಪತ್ರಿಕೆಗಳು ಸರಿಯಾಗೇ ಮಾಡಿದ್ರು ಅಂತಲೇ ಬರೆದವು. ಕೋರ್ಟು ತೆರೆದಿತ್ತು. ಫ್ರೆಡ್ ಕೊರೆಮಾಟ್ಸು ಸುಪ್ರೀಂ ಕೋರ್ಟಿನ ತನಕ ಹೋದ, 1944ರ ಡಿಸೆಂಬರಿನಲ್ಲಿ 6–3ಕ್ಕೆ ಸೋತ. ಇಲ್ಲಿ ಯಾವ ಸರ್ವಾಧಿಕಾರಿನೂ ಇರಲಿಲ್ಲ. ಜನಕ್ಕೆ ಬೇಕಾಗಿತ್ತು, ಸರ್ಕಾರ ಮಾಡ್ತು. ಇದು ರಾಜಕೀಯ ಬಂಧನ ಅಲ್ಲ, ಜನಾಂಗದ್ದು ಅನ್ನಬಹುದು ನೀವು. ಸರ್ಕಾರ ಕೊಟ್ಟ ಕಾರಣ ಮಾತ್ರ ದೇಶನಿಷ್ಠೆ, ಅಂದರೆ ರಾಜಕೀಯದ್ದೇ.

ಕಾಗದದ ವಿಷಯ ಬಂದಿದ್ದಕ್ಕೆ ಹೇಳ್ತೀನಿ. ಸೈನ್ಯದ ಜನರಲ್ ಡೆವಿಟ್ ಮೊದಲು ಬರೆದ ವರದಿಯಲ್ಲಿ, ಇವರಲ್ಲಿ ನಿಷ್ಠರು ಯಾರು ಅಲ್ಲದವರು ಯಾರು ಅಂತ ಬೇರೆ ಮಾಡೋಕೇ ಆಗಲ್ಲ ಅಂತಿತ್ತು. ಕೋರ್ಟಿನಲ್ಲಿ ಸರ್ಕಾರ ಹೇಳ್ತಿದ್ದದ್ದು ಬೇರೆ, ಬೇರೆ ಮಾಡೋಕೆ ಟೈಮಿರಲಿಲ್ಲ ಅಂತ. ಅದಕ್ಕೆ ವರದಿ ತಿದ್ದಿಸಿ, ಮೊದಲ ಪ್ರತಿಗಳನ್ನ ಸುಡಿಸಿದರು. ಒಂದು ಉಳಿದಿತ್ತು. 1982ರಲ್ಲಿ ರಾಷ್ಟ್ರೀಯ ಪತ್ರಾಗಾರದ ಒಬ್ಬ ನೌಕರನ ಮೇಜಿನ ಮೂಲೆಯಲ್ಲಿ ಅದು ಕಣ್ಣಿಗೆ ಬಿದ್ದದ್ದು ಐಕೊ ಹೆರ್ಜಿಗ್ ಯೋಶಿನಾಗಾ ಅವರಿಗೆ. ಹುಡುಗಿಯಾಗಿದ್ದಾಗ ತಾವೇ ಆ ಶಿಬಿರದಲ್ಲಿದ್ದವರು. ಮಾರನೇ ವರ್ಷ ಕೊರೆಮಾಟ್ಸು ಮೇಲಿನ ಶಿಕ್ಷೆ ರದ್ದಾಯ್ತು. 1988ರಲ್ಲಿ ಕ್ಷಮಾಪಣೆ, ಬದುಕಿದ್ದವರಿಗೆ ತಲಾ 20 ಸಾವಿರ ಡಾಲರು. 46 ವರ್ಷ ಆದ ಮೇಲೆ. ನಿಮ್ಮ ವಿದ್ಯಾರ್ಥಿನಿಗೆ ಇದನ್ನ ಸಮಾಧಾನ ಅಂತ ಹೇಳ್ತೀರೋ, ನಾಚಿಕೆಗೇಡು ಅಂತ ಹೇಳ್ತೀರೋ ನಿಮಗೆ ಬಿಟ್ಟಿದ್ದು.

ಗುಡ್ಡದಮೇಲೆ:

1942, 1975 ಎಲ್ಲ ಹಳೇ ಕಥೆ. ಆದಿವಾಸಿಗಳ ಪರ ಕೆಲಸ ಮಾಡ್ತಿದ್ದ ಪಾದ್ರಿ ಸ್ಟಾನ್ ಸ್ವಾಮಿ, ಯುಎಪಿಎ ಕೆಳಗೆ ಬಂಧನದಲ್ಲಿದ್ದಾಗಲೇ 2021ರ ಜುಲೈ 5ಕ್ಕೆ ಸತ್ತರಲ್ಲ? 84 ವರ್ಷ, ಪಾರ್ಕಿನ್ಸನ್ ಕಾಯಿಲೆ, ನೀರು ಕುಡಿಯೋಕೆ ಸಿಪ್ಪರ್ ಕೊಡಿ ಅಂತ ಕೋರ್ಟಿಗೆ ಅರ್ಜಿ ಹಾಕಬೇಕಾಯ್ತು. ವಿಚಾರಣೆಯೇ ಶುರು ಆಗಿರಲಿಲ್ಲ. ಬೆಂಗಳೂರಿನಲ್ಲಿ ಹತ್ತು ವರ್ಷ ಕೆಲಸ ಮಾಡಿದ ಮನುಷ್ಯ. ಈಗ ಎಮರ್ಜೆನ್ಸಿ ಇಲ್ಲ, ಕೋರ್ಟು ಇದೆ, ಕಾರಣಗಳ ಪಟ್ಟಿಯೂ ಇದೆ, ಸಾವಿರಾರು ಪುಟ. ಇದು ಯಾವ ಖಾತೆಗೆ?

ಹಳೇಕಾರ್ಬನ್:

ಗುಡ್ಡದಮೇಲೆ ಅವರೇ, ಮೇಷ್ಟ್ರು ಪಕ್ಷದ ಜಗಳ ಬೇಡ ಅಂದಿದ್ದಾರೆ, ಅದಕ್ಕೆ ಕಾಯ್ದೆಯ ಜಾತಕ ಮಾತ್ರ ಹೇಳುತ್ತೇನೆ. ಯುಎಪಿಎ, ಅಂದರೆ ಕಾನೂನುಬಾಹಿರ ಚಟುವಟಿಕೆ ತಡೆ ಕಾಯ್ದೆ, 1967ರದ್ದು, ಇಂದಿರಾ ಗಾಂಧಿ ಕಾಲ. ಜಾಮೀನು ಸಿಗದಂತೆ ಮಾಡುವ 43ಡಿ ಸೇರಿದ್ದು 2008ರಲ್ಲಿ, ಮನಮೋಹನ್ ಸಿಂಗ್ ಕಾಲ. ಸಂಘಟನೆಯಲ್ಲದೆ ಒಬ್ಬ ವ್ಯಕ್ತಿಯನ್ನೂ ಭಯೋತ್ಪಾದಕ ಅಂತ ಘೋಷಿಸಬಹುದು ಅಂತಾದದ್ದು 2019ರಲ್ಲಿ, ಮೋದಿ ಕಾಲ. ಫಾರಂ ಬೀರುವಿನಲ್ಲೇ ಇರುತ್ತದೆ, ಬೀಗದ ಕೈ ಮಾತ್ರ ಬದಲಾಗುತ್ತದೆ. ನನ್ನ ಅಳತೆಗೋಲು ನಿಮ್ಮ ಉದಾಹರಣೆಗೆ ಸಾಲುವುದಿಲ್ಲ, ಒಪ್ಪಿದೆ. ನಮ್ಮ ಕಾಲದಲ್ಲಿ ಬಾಲ ಕತ್ತರಿಸಿದರು, ಈಗ ಬಾಲವನ್ನೇ ಬೆಳೆಸುತ್ತಾರೆ. ಅದನ್ನ ಓದಿ ಮುಗಿಸುವುದರೊಳಗೆ ಕೈದಿಯ ಆಯುಷ್ಯ ಮುಗಿಯುತ್ತದೆ.

ಸ್ಪ್ರೀದಂಡೆಯವರ ಪ್ರಶ್ನೆ ಚುಚ್ಚಿತು. ನಮ್ಮಲ್ಲಿ 1977ರ ಮೇ ತಿಂಗಳಲ್ಲಿ, ಎಮರ್ಜೆನ್ಸಿಯ ಅತಿರೇಕಗಳನ್ನ ವಿಚಾರಿಸಲು ಷಾ ಆಯೋಗ ಕೂತಿತು. ನಮ್ಮ ಆಫೀಸಿನಿಂದಲೂ ಕಡತ ಹೋದವು; ಕೆಲವು ಕಡತದ ಬದಲಿಗೆ "ಲಭ್ಯವಿಲ್ಲ" ಅಂತ ಒಂದು ಸಾಲು ಹೋಯಿತು. ಆಯೋಗ ಎಣಿಸಿದ ಪ್ರಕಾರ ದೇಶದಲ್ಲಿ ಮೀಸಾ ಕೆಳಗೆ ಸುಮಾರು 35 ಸಾವಿರ, ಭಾರತ ರಕ್ಷಣಾ ನಿಯಮಗಳ ಕೆಳಗೆ 75 ಸಾವಿರಕ್ಕೂ ಮೇಲೆ ಜನ. ಹಿಂದಿನ ತಾರೀಖು ಹಾಕಿದ ಆದೇಶಗಳ ವಿಷಯವೂ ಬಂತು. ಆಮೇಲೆ 1980ರಲ್ಲಿ ಸರ್ಕಾರ ಬದಲಾಯಿತು, ಆ ವರದಿಯೇ ಎಲ್ಲೂ ಸಿಗದಂತಾಯಿತು. ಮಾಜಿ ಸಂಸದ ಎರಾ ಸೆಳಿಯನ್ ತಮ್ಮ ಹತ್ತಿರ ಉಳಿದಿದ್ದ ಪ್ರತಿ ಇಟ್ಟುಕೊಂಡು 2010ರಲ್ಲಿ ಮತ್ತೆ ಅಚ್ಚು ಹಾಕಿಸಿದರು. ಅಮೆರಿಕದಲ್ಲಿ ಒಂದು ಪ್ರತಿ ಉಳಿಯಿತು, ನಮ್ಮಲ್ಲೂ ಯಾರದೋ ಮನೆಯಲ್ಲಿ ಪ್ರತಿ ಉಳಿಯಿತು. ಚಿಲಿಯದನ್ನ ಚರ್ಚು ಕಾಪಾಡಿತು. ಸರ್ಕಾರ ಕಾಪಾಡಿದ್ದು ಯಾವುದೂ ಇದ್ದ ಹಾಗೆ ಕಾಣೆ, ಜರ್ಮನಿಯದನ್ನೂ ಜನ ನುಗ್ಗಿ ಉಳಿಸಿದ್ದು.

ಏಪ್ರಿಲ್ 28ರ ತೀರ್ಪನ್ನ ಸುಪ್ರೀಂ ಕೋರ್ಟು ತಪ್ಪು ಅಂತ ಬಾಯಿಬಿಟ್ಟು ರದ್ದು ಮಾಡಿದ್ದು 2017ರಲ್ಲಿ. ಆ ಮೊಕದ್ದಮೆ ಹಾಕಿದ್ದವರು ನಮ್ಮ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಪುಟ್ಟಸ್ವಾಮಿಯವರು. ಆಧಾರ್ ವಿಷಯಕ್ಕೆ ಹಾಕಿದ್ದು, ಹೋಗಿ ತಗುಲಿದ್ದು ಇಲ್ಲಿಗೆ. 41 ವರ್ಷ. ಸ್ಯಾಕ್ರಮೆಂಟೊದ ತಂಗಿ ಹೇಳಿದ 46ಕ್ಕಿಂತ ಐದು ವರ್ಷ ಬೇಗ ಅಂತ ಬೇಕಾದರೆ ಹೆಮ್ಮೆಪಡಬಹುದು.

ಕೊನೇಬೆಂಚು_ಮೇಷ್ಟ್ರು:

ಎಲ್ಲರಿಗೂ ಧನ್ಯವಾದ. ಸೋಮವಾರ ಕ್ಲಾಸಿಗೆ ಕಾರ್ಬನ್ ಹಾಳೆ ಒಂದು ತಗೊಂಡು ಹೋಗೋಣ ಅಂತಿದ್ದೀನಿ, ಈ ಮಕ್ಕಳು ಅದನ್ನ ನೋಡೇ ಇಲ್ಲ. ಸ್ಟೇಷನರಿ ಅಂಗಡಿಯಲ್ಲಿ ಕೇಳಿದ್ರೆ ಹುಡುಗ ಪ್ರಿಂಟರ್ ಇಂಕು ತೋರಿಸಿದ.

ಯಜಮಾನ್ರೇ, ಒಂದು ಕೇಳ್ಲಾ? ನಿಮ್ಮ ಮೇಷ್ಟ್ರಿಗೆ ಆ ತಪ್ಪು ಹೆಸರಿನ ವಿಷಯ ಗೊತ್ತಾಯ್ತಾ?

ಹಳೇಕಾರ್ಬನ್:

ಆಯಿತು.

1977ರ ಜನವರಿ ಕೊನೆಗೆ ಬಿಡುಗಡೆ ಆದರು. ಹದಿನಾಲ್ಕು ತಿಂಗಳು ಒಳಗಿದ್ದರು. ಸ್ಕೂಲಿನವರು ಸಸ್ಪೆಂಡ್ ಮಾಡಿದ್ದರು, ಚುನಾವಣೆ ಆದ ಮೇಲೆ ಮತ್ತೆ ತೆಗೆದುಕೊಂಡರು. ಸಂಬಳದ ಬಾಕಿ ಬರಬೇಕಾದರೆ ಬಂಧನದ ಆದೇಶದ ದೃಢೀಕೃತ ನಕಲು ಹಾಜರುಪಡಿಸಬೇಕು. ಮಳೆಗಾಲ ಶುರುವಾಗಿತ್ತು, ಕೊಡೆ ಮೂಲೆಗಿಟ್ಟು ನನ್ನ ಮೇಜಿನ ಮುಂದೆ ಬಂದು ನಿಂತರು. ಜುಬ್ಬ ಜೋತುಬಿದ್ದಿತ್ತು. ಅರ್ಜಿಗೆ ಸ್ಟಾಂಪು ತಾವೇ ಕೊಂಡು ಹಚ್ಚಿ ತಂದಿದ್ದರು.

ಕಡತ ತೆಗೆದು ನಕಲು ಹೊಡೆದೆ. ದೃಢೀಕೃತ ನಕಲಿನಲ್ಲಿ ಅಸಲಿನ ತಪ್ಪನ್ನ ತಿದ್ದುವ ಹಾಗಿಲ್ಲ, ಹಾಗಾಗಿ ದೊಡ್ಡಪ್ಪನ ಹೆಸರನ್ನ ಎರಡನೇ ಸಲ ಹೊಡೆದೆ. ಅವರು ಕನ್ನಡಕ ಹಾಕಿಕೊಂಡು ನಿಂತಲ್ಲೇ ಓದಿದರು. ಪರೀಕ್ಷೆ ಪೇಪರು ತಿದ್ದುವಾಗ ಮಾಡುತ್ತಿದ್ದ ಹಾಗೆ ತಂದೆ ಹೆಸರಿನ ಕೆಳಗೆ ಉಗುರು ಇಟ್ಟರು.

"ಅಸಲು ಹೊಡೆದದ್ದೂ ನೀನೇನೋ?"

"ಹೌದು ಸಾರ್."

"ನಮ್ಮಪ್ಪನ ಹೆಸರು ನಿನಗೆ ಗೊತ್ತಿತ್ತಲ್ಲೋ."

ಯಾಕೆ ತಿದ್ದಲಿಲ್ಲ ಅಂತ ಹೇಳಲು ಬಾಯಿ ತೆರೆದೆ. ಅಷ್ಟರಲ್ಲಿ ಶಿರಸ್ತೇದಾರರು ಒಳಗೆ ಬಂದರು, ಮೇಷ್ಟ್ರು ನಕಲು ಮಡಚಿ ಜೇಬಿಗಿಟ್ಟುಕೊಂಡು, ಅವರಿಗೂ ಒಂದು ನಮಸ್ಕಾರ ಹೇಳಿ ಹೊರಟರು.

ಎರಡು ತಿಂಗಳಿಗೆ ಬಾಕಿ ಬಿಲ್ಲು ಆಡಿಟ್ ಆಕ್ಷೇಪಣೆಯಾಗಿ ವಾಪಸ್ ಬಂತು. ಸೇವಾ ಪುಸ್ತಕದಲ್ಲಿರುವ ತಂದೆ ಹೆಸರಿಗೂ ಬಂಧನದ ಆದೇಶದಲ್ಲಿರುವ ತಂದೆ ಹೆಸರಿಗೂ ತಾಳೆಯಾಗುತ್ತಿಲ್ಲ, ಆದ್ದರಿಂದ ಬಂಧನದಲ್ಲಿದ್ದವರು ಇವರೇ ಎಂದು ಖಚಿತಪಡಿಸುವುದು. ಹದಿನಾಲ್ಕು ತಿಂಗಳು ಯಾರ ಕಣ್ಣಿಗೂ ಬೀಳದಿದ್ದ ಹೆಸರು ದುಡ್ಡು ಕೊಡುವಾಗ ಬಿತ್ತು. ಮಧ್ಯೆ ಒಂದು ದೀಪಾವಳಿ ಕಳೆಯಿತು.

ಖಚಿತಪಡಿಸುವ ಪತ್ರ ನಮ್ಮ ಆಫೀಸಿನಿಂದಲೇ ಹೋಗಬೇಕಿತ್ತು. ಒಂದು ಅಸಲು, ಎರಡು ಪ್ರತಿ. ಅದನ್ನ ಹೊಡೆದವನೂ ನಾನೇ, ಈ ಸಲ ಅವರ ತಂದೆ ಹೆಸರನ್ನ ಸರಿಯಾಗಿ.